ಮೂರನೇ ಸಲ ಬಿಚ್ಚಿದ ಮಡಿಕೆ

ಹೊಲಿಗೆ ಅಂಗಡಿ ಇಟ್ಟವರಿಗೆ ಒಂದು ತಲೆನೋವು ತಪ್ಪಿದ್ದಲ್ಲ. ಹೊಸ ಬಟ್ಟೆ ಹೊಲಿಸುವವರು ಕಡಿಮೆ, ಹಳೆಯದನ್ನು ಸರಿ ಮಾಡಿಸುವವರು ಜಾಸ್ತಿ. ಸೊಂಟ ಬಿಡಿ, ತೋಳು ಹಿಡಿಯಿರಿ, ಜಿಪ್ಪು ಬದಲಾಯಿಸಿ ಅನ್ನುತ್ತಾರೆ. ಕೆಲಸ ಎರಡರಷ್ಟು, ಕೂಲಿ ಅರ್ಧ. ಮೂಲೆ ಅಂಗಡಿಯ ಹೊಲಿಗೆಯಕ್ಕನ ಬುಟ್ಟಿಯಲ್ಲೂ ಅಂಥ ಬಟ್ಟೆಗಳೇ ರಾಶಿ ಬಿದ್ದಿರುತ್ತಿದ್ದವು.

ಆ ಅಂಗಡಿಗೆ ಎರಡು ಬಾಗಿಲು. ಒಂದು ಮುಂದಿನ ರಸ್ತೆಗೆ, ಇನ್ನೊಂದು ಹಿಂದಿನ ಬೀದಿಗೆ. ಹಿಂದಿನ ಬೀದಿಯಲ್ಲಿ ಏನು ನಡೆಯುತ್ತದೆ ಅಂತ ಎಲ್ಲರಿಗೂ ಗೊತ್ತಿತ್ತು, ಬಾಯಿಬಿಟ್ಟು ಹೇಳುವವರಿರಲಿಲ್ಲ. ಅಲ್ಲಿನ ಹೆಂಗಸರನ್ನು ಕಂಡರೆ ಮುಂದಿನ ರಸ್ತೆಯವರು ಮುಖ ತಿರುಗಿಸುತ್ತಿದ್ದರು. ಸಂಜೆಯಾದರೆ ಮಾತ್ರ ಅದೇ ರಸ್ತೆಯ ಎಷ್ಟೋ ಗಂಡಸರಿಗೆ ಮನೆಗೆ ಹೋಗಲು ಹಿಂದಿನ ಬೀದಿಯೇ ಹತ್ತಿರದ ದಾರಿ ಅನ್ನಿಸುತ್ತಿತ್ತು.

"ಅವರ ಬಟ್ಟೆ, ನಮ್ಮ ಬಟ್ಟೆ ಒಂದೇ ಬುಟ್ಟಿಗೆ ಹಾಕ್ತೀರಾ?" ಅಂತ ಒಮ್ಮೆ ಯಾರೋ ಕೇಳಿದ್ದರು. ಒಳಗೆ ಕೂತು ಗುಂಡಿ ಹಾಕುತ್ತಿದ್ದ ಹೊಲಿಗೆಯಕ್ಕನ ಅತ್ತೆ ತಲೆ ಎತ್ತದೆ ಹೇಳಿದ್ದಳು: "ಬೇಕಾದ್ರೆ ಬುಟ್ಟಿ ಎರಡು ಮಾಡ್ತೀವಿ ತಾಯಿ. ಸೂಜಿ ಮಾತ್ರ ಒಂದೇ."

ಅಂಗಡಿ ಅತ್ತೆಯದು. ಗಂಡ ತೀರಿಕೊಂಡ ಮೇಲೆ ಮಗನನ್ನು ಸಾಕಿ ದೊಡ್ಡವನನ್ನಾಗಿ ಮಾಡಿದ್ದು ಹಿಂದಿನ ಬಾಗಿಲಿನಿಂದ ಬಂದ ಬಟ್ಟೆಗಳೇ. ಮಗ ಲಾರಿ ಹಿಡಿದು ಊರೂರು ಸುತ್ತುತ್ತಿದ್ದ. ಈಗ ಮಿಷಿನ್ ಸೊಸೆಯ ಕೈಯಲ್ಲಿ, ಗುಂಡಿ ಮತ್ತು ಬಾಯಿ ಅತ್ತೆಯ ಕೈಯಲ್ಲಿ.

ಆ ದಿನ ಬೆಳಿಗ್ಗೆ ಹಿಂದಿನ ಬಾಗಿಲಿಗೆ ಮಹಡಿಯಮ್ಮ ಬಂದಳು. ಬೀದಿಯ ಏಕೈಕ ಮಹಡಿ ಮನೆಯ ಒಡತಿ. ಅಲ್ಲಿನ ಕೋಣೆಗಳನ್ನು ಬಾಡಿಗೆಗೆ ಕೊಟ್ಟು, ದುಡಿದವರಿಂದ ಪಾಲು ತೆಗೆದುಕೊಳ್ಳುವವಳು. ಕೈಯಲ್ಲಿ ಹಸಿರು ಗೌನು.

"ಇದರ ಮಡಿಕೆ ಇನ್ನೂ ಸ್ವಲ್ಪ ಬಿಟ್ಟುಕೊಡು. ತೋಳೂ ಉದ್ದ ಮಾಡು. ಸಂಜೆಗೆ ಬೇಕು."

"ಇದನ್ನ ಆಗಲೇ ಎರಡು ಸಲ ಬಿಟ್ಟಿದ್ದೀನಿ. ಹಾಕ್ಕೊಳ್ಳೋರನ್ನೇ ಕರ್ಕೊಂಡು ಬನ್ನಿ, ಒಂದು ಸಲ ಸರಿಯಾಗಿ ಅಳತೆ ತಗೋತೀನಿ."

"ಅವಳಿಗೆ ನಾಚಿಕೆ. ನನ್ನ ಅಕ್ಕನ ಮಗಳು. ಇಪ್ಪತ್ತೆರಡು ತುಂಬಿದ್ರೂ ಹೊರಗೆ ಬರೋಕೆ ಒಲ್ಲೆ ಅಂತಾಳೆ. ನಾಳೆ ಬೆಳಿಗ್ಗೆ ಬೇರೆ ಊರಿಗೆ ಹೊರಟಿದ್ದಾಳೆ, ಮರೀಬೇಡ."

ಮಹಡಿಯಮ್ಮ ಹೋದಳು. ಹೊಲಿಗೆಯಕ್ಕ ಬ್ಲೇಡು ತೆಗೆದುಕೊಂಡು ಕೆಳಗಿನ ಮಡಿಕೆ ಬಿಚ್ಚಿದಳು. ಹಳೆಯ ಮಡಿಕೆಯ ಗೆರೆಗಳು ಬಟ್ಟೆಯ ಮೇಲೆ ಬೆಳ್ಳಗೆ ಕಂಡವು. ಕೆಳಗೊಂದು, ಅದಕ್ಕಿಂತ ಮೇಲೊಂದು. ಅವಳ ಕೈ ಅಲ್ಲೇ ನಿಂತಿತು. ಇಂಥ ಗೆರೆಗಳನ್ನು ಅವಳು ಶಾಲೆಯ ಮಕ್ಕಳ ಬಟ್ಟೆಯಲ್ಲಿ ಮಾತ್ರ ನೋಡಿದ್ದಳು. ತಾಯಂದಿರು ಒಳಗೆ ಹೆಚ್ಚು ಬಟ್ಟೆ ಮಡಚಿಡಿ ಅನ್ನುತ್ತಾರೆ, ಮಗು ಬೆಳೆದ ಹಾಗೆ ಒಂದೊಂದೇ ಮಡಿಕೆ ಬಿಚ್ಚಿಸುತ್ತಾರೆ.

"ಅತ್ತೆ, ಇಪ್ಪತ್ತೆರಡು ವರ್ಷದೋರು ಉದ್ದ ಬೆಳೀತಾರಾ?"

"ಅಗಲ ಬೆಳೀತಾರೆ. ನನ್ನನ್ನೇ ನೋಡು."

"ಇದರ ಸೊಂಟ ಹಾಗೇ ಇದೆ. ಉದ್ದ ಮಾತ್ರ ಒಂದು ವರ್ಷದಲ್ಲಿ ಮೂರು ಸಲ ಸಾಲದೆ ಬಂತು. ತೋಳೂ ಸಾಲ್ತಿಲ್ಲ."

ಅತ್ತೆಯ ಸೂಜಿ ಒಂದು ಗಳಿಗೆ ನಿಂತು ಮತ್ತೆ ಓಡಿತು. "ತೊಳೆದಾಗ ಕುಗ್ಗಿರುತ್ತೆ."

"ಕುಗ್ಗಿದ್ರೆ ಸೊಂಟವೂ ಕುಗ್ಗಬೇಕಿತ್ತಲ್ಲ? ಅದೂ ಅಲ್ದೆ ಇದು ನೈಲಾನು, ಕುದಿಸಿದ್ರೂ ಕುಗ್ಗಲ್ಲ."

"ನೋಡು, ನಮ್ಮ ಕೆಲಸ ಬಟ್ಟೆ. ಬಟ್ಟೆಯೊಳಗೆ ಯಾರಿದ್ದಾರೆ ಅಂತ ನೋಡೋಕೆ ಹೋದ್ರೆ ಈ ಅಂಗಡಿಗೆ ಯಾವತ್ತೋ ಬೀಗ ಬೀಳ್ತಿತ್ತು. ಸುಮ್ನೆ ಹೊಲಿದು ಕೊಡು."

ಹೊಲಿಗೆಯಕ್ಕ ಗೌನನ್ನು ಮಿಷಿನ್ ಮೇಲೆ ಹಾಕಿದಳು. ಆದರೆ ಪೆಡಲಿಗೆ ಕಾಲು ಹೋಗಲಿಲ್ಲ. ನಾಳೆ ಬೆಳಿಗ್ಗೆ ಬೇರೆ ಊರು ಅಂದಳಲ್ಲ. ಒಮ್ಮೆ ಈ ಬೀದಿ ದಾಟಿತೆಂದರೆ ಆ ಮಗು ಎಲ್ಲಿಗೆ ಹೋಯಿತು ಅಂತ ಕೇಳುವವರೂ ಇರುವುದಿಲ್ಲ.

ಮಧ್ಯಾಹ್ನ ಛತ್ರಿಯಕ್ಕ ಬಂದಳು. ಬಿಸಿಲಿರಲಿ ಮಳೆಯಿರಲಿ ಛತ್ರಿ ಬಿಡದವಳು. ಅದರ ಹರಿದ ಬಟ್ಟೆಗೆ ಹೊಲಿಗೆ ಹಾಕಿಸಲು ಆಗಾಗ ಬರುತ್ತಿದ್ದಳು. ಹಿಂದಿನ ಬೀದಿಯಲ್ಲೇ ಎಷ್ಟೋ ವರ್ಷದಿಂದ ದುಡಿಯುವ ಹೆಂಗಸು. ಈಗ ಆ ಹೆಂಗಸರೇ ಕಟ್ಟಿಕೊಂಡ ಸಂಘದ ಕಾರ್ಯದರ್ಶಿಯೂ ಹೌದು. ಆಸ್ಪತ್ರೆಗೆ ಯಾರನ್ನಾದರೂ ಕರೆದುಕೊಂಡು ಹೋಗಬೇಕಾದರೆ, ಬ್ಯಾಂಕಿನಲ್ಲಿ ಖಾತೆ ತೆರೆಸಬೇಕಾದರೆ, ಠಾಣೆಯಲ್ಲಿ ದೂರು ಕೊಡಬೇಕಾದರೆ ಅವಳೇ ಮುಂದೆ.

"ಈ ಛತ್ರಿ ಬಿಸಾಕಿ ಹೊಸದು ತಗೊಳ್ಳಬಾರದಾ?" ಅಂದಳು ಅತ್ತೆ.

"ಹೊಸದು ತಗೊಂಡ್ರೆ ನಿಮ್ಮ ಮುಖ ನೋಡೋಕೆ ಯಾವ ನೆಪ ಹೇಳಲಿ ದೊಡ್ಡಮ್ಮ?"

ಹೊಲಿಗೆಯಕ್ಕ ನಗಲಿಲ್ಲ. ಹೇಳಬೇಕೋ ಬೇಡವೋ ಅಂತ ಅವಳಿಗೆ ಅಳುಕು. ಇವಳೂ ಅದೇ ಬೀದಿಯವಳು, ಅಪಾರ್ಥ ಮಾಡಿಕೊಂಡರೆ? ಕೊನೆಗೆ ಗೌನನ್ನು ಮೇಜಿನ ಮೇಲೆ ಹರಡಿ, ಗೆರೆಗಳನ್ನು ಬೆರಳಿನಿಂದ ತೋರಿಸಿ, ವಿಷಯ ಹೇಳಿದಳು.

ಛತ್ರಿಯಕ್ಕ ಬಾಗಿ ನೋಡಿದಳು. ನಗು ಆರಿತು. "ನಮ್ಮ ಬೀದಿಗೆ ಯಾರೇ ಹೊಸಬರು ಬಂದ್ರೂ ಮೊದಲು ಸಂಘದ ಮುಂದೆ ಕೂರಬೇಕು. ವಯಸ್ಸು ಎಷ್ಟು, ಯಾರು ಕರ್ಕೊಂಡು ಬಂದ್ರು, ತಾನಾಗಿ ಬಂದಳಾ ಅಂತ ನಾವೇ ಕೇಳ್ತೀವಿ. ತನ್ನ ಮನೆಗೆ ಹೊಸಬರು ಯಾರೂ ಬಂದಿಲ್ಲ ಅಂತ ಮಹಡಿಯಮ್ಮ ನನ್ನ ಮುಂದೆ ಆಣೆ ಇಟ್ಟಳು."

"ಅಕ್ಕನ ಮಗಳು ಅಂದಳಲ್ಲ," ಅಂದಳು ಅತ್ತೆ.

"ಅವಳ ಅಕ್ಕನಿಗೆ ಮಕ್ಕಳೇ ಇಲ್ಲ."

ಅತ್ತೆ ಕೈಯಲ್ಲಿದ್ದ ಗುಂಡಿಯ ದಾರ ಕಡಿದಳು.

"ನಿಮ್ಮದೂ ಅದೇ ಕೆಲಸ ತಾನೇ? ಅವಳಿಗೊಂದು ನ್ಯಾಯ, ನಿಮಗೊಂದು ನ್ಯಾಯವಾ?" ಅತ್ತೆಯ ಮಾತು ಚುಚ್ಚುವ ಹಾಗಿತ್ತು. ಛತ್ರಿಯಕ್ಕ ಬೇಸರಪಡಲಿಲ್ಲ.

"ಹೌದು ದೊಡ್ಡಮ್ಮ, ಎರಡೂ ಬೇರೆ ಬೇರೆ. ನಾನು ದೊಡ್ಡವಳು. ಕಷ್ಟಕ್ಕೋ ಇಷ್ಟಕ್ಕೋ, ಈ ಕೆಲಸಕ್ಕೆ ಬಂದೆ. ಬೇಡ ಅನ್ನಿಸಿದ ದಿನ ಬಿಡ್ತೀನಿ. ನನ್ನಂಥವರ ಬಗ್ಗೆ ಕಾನೂನು ಒಂದೊಂದು ದೇಶದಲ್ಲಿ ಒಂದೊಂದು ಥರ ಇರಬಹುದು. ಆದ್ರೂ ನನ್ನನ್ನ ಹೊಡೆಯೋಕೆ, ಆಸ್ಪತ್ರೆಯಿಂದ ಆಚೆ ಹಾಕೋಕೆ, ನನ್ನ ದುಡಿಮೆ ಕಿತ್ಕೊಳ್ಳೋಕೆ ಯಾರಿಗೂ ಹಕ್ಕಿಲ್ಲ. ಮಕ್ಕಳ ವಿಷಯದಲ್ಲಿ ಎರಡು ಮಾತೇ ಇಲ್ಲ. ಹದಿನೆಂಟು ತುಂಬದವರು ಒಪ್ಪಿದ್ರು ಅನ್ನೋ ಮಾತಿಗೆ ಕಾನೂನಲ್ಲಿ ಬೆಲೆ ಇಲ್ಲ. ಕರೆತಂದವರು, ಇಟ್ಟುಕೊಂಡವರು, ದುಡ್ಡು ತಿಂದವರು, ಹತ್ತಿರ ಹೋದ ಗಂಡಸು, ಎಲ್ಲರೂ ಅಪರಾಧಿಗಳು. ಮಗು ಮಾತ್ರ ಅಪರಾಧಿ ಅಲ್ಲ. ದೊಡ್ಡವರನ್ನ ಹೆದರಿಸಿಯೋ ಮೋಸ ಮಾಡಿಯೋ ತಂದು ಕೂಡಿಹಾಕಿದ್ರೆ ಅದೂ ಅಪರಾಧವೇ."

"ಪೊಲೀಸರು ಬಂದ್ರೆ ಏನಾಗುತ್ತೆ ಅಂತ ನಿನಗೆ ನಾನು ಹೇಳಬೇಕಾ? ಹೋದ ಸಲ ಸಿಕ್ಕಸಿಕ್ಕವರನ್ನೆಲ್ಲ ಎಳ್ಕೊಂಡು ಹೋದ್ರು. ಬೀದಿ ಮುಚ್ತು. ನಮ್ಮ ಒಲೇನೂ ಹೊತ್ತಲಿಲ್ಲ."

"ಮರೆತಿಲ್ಲ. ಜುಟ್ಟು ಹಿಡಿದು ಎಳೆದದ್ದು ನನ್ನನ್ನೇ." ಛತ್ರಿಯಕ್ಕ ಸೆರಗು ಸರಿಮಾಡಿಕೊಂಡಳು. "ಅದಕ್ಕೇ ದಾರಿ ಕಲಿತ್ವಿ. ಮೊದಲು ಮಕ್ಕಳ ಸಹಾಯವಾಣಿಗೆ ಫೋನ್ ಮಾಡಬೇಕು. ಮಕ್ಕಳ ರಕ್ಷಣೆಯ ಅಧಿಕಾರಿಗಳು ಬರ್ತಾರೆ, ಜೊತೆಗೆ ಮಹಿಳಾ ಪೊಲೀಸರು ಇರ್ತಾರೆ. ಯಾವ ಮನೆ, ಯಾವ ಕೋಣೆ ಅಂತ ಸರಿಯಾಗಿ ಹೇಳಿದ್ರೆ ನೇರ ಅಲ್ಲಿಗೇ ಹೋಗ್ತಾರೆ. ಉಳಿದ ಮನೆಗಳನ್ನ ಮುಟ್ಟದ ಹಾಗೆ ನಮ್ಮ ಸಂಘದ ವಕೀಲರು ಬೀದಿ ಬಾಯಲ್ಲೇ ನಿಲ್ತಾರೆ."

"ನನ್ನ ಊಹೆ ತಪ್ಪಾದ್ರೆ?" ಹೊಲಿಗೆಯಕ್ಕ ಕೇಳಿದಳು.

"ಕಂಡದ್ದನ್ನ ಕಂಡಷ್ಟೇ ಹೇಳು. ಸಾಬೀತು ಮಾಡೋದು ನಿನ್ನ ಕೆಲಸ ಅಲ್ಲ, ವಿಚಾರಿಸೋದು ಅವರ ಕೆಲಸ. ಮಹಡಿ ಹತ್ತಿ ನೋಡೋಕೆ ಹೋಗಬೇಡ. ಅಕ್ಕಪಕ್ಕದಲ್ಲಿ ಬಾಯಿಬಿಡಬೇಡ. ಫೋಟೋ ತೆಗೆದು ಯಾರಿಗೂ ಕಳಿಸಬೇಡ. ಸುದ್ದಿ ಹೋದ ತಕ್ಷಣ ಹಿಂದಿನ ಬಾಗಿಲಿಂದ ಮಗೂನ ಸಾಗಿಸಿಬಿಡ್ತಾರೆ. ನಿನ್ನ ಹೆಸರು ಹೇಳಲೇಬೇಕು ಅಂತಿಲ್ಲ. ಹೇಳಿದ್ರೂ ಅವರು ಗುಟ್ಟಾಗಿಡಬೇಕು."

"ಅರ್ಧ ಗಿರಾಕಿ ಅವಳಿಂದಲೇ ಬರೋದು," ಅಂದಳು ಅತ್ತೆ, ಈ ಸಲ ಸಣ್ಣ ದನಿಯಲ್ಲಿ.

"ಅವಳಿಂದ ಅಲ್ಲ, ನಮ್ಮಿಂದ. ಬಟ್ಟೆ ಹೊಲಿಸೋಳು ನಾನು, ದುಡಿಯೋಳು ನಾನು. ಅವಳು ನಡುವೆ ನಿಂತು ಪಾಲು ತಗೋತಾಳೆ. ಬೇಡ ಅನ್ನೋ ಶಕ್ತಿ ಇರೋ ಹೆಂಗಸು ಅವಳಿಗೆ ತಲೆನೋವು. ಬೇಡ ಅನ್ನೋಕಾಗದ ಮಗು ಸಿಕ್ಕಿದ್ರೆ ಪೂರ್ತಿ ಲಾಭ ಅವಳದ್ದೇ. ಇಂಥದ್ದನ್ನ ಒಂದು ಸಲ ನುಂಗಿಕೊಂಡ್ರೆ, ನಾಳೆ ನಮಗೂ ಬೇಡ ಅನ್ನೋ ಬಾಯಿ ಇರಲ್ಲ."

ಅತ್ತೆ ಗೌನನ್ನು ಎಳೆದುಕೊಂಡು ತೋಳಿನ ಪಟ್ಟಿ ನೋಡತೊಡಗಿದಳು. ಎಡಗೈ ಪಟ್ಟಿಯ ಗುಂಡಿ ಮತ್ತೆ ಸಡಿಲವಾಗಿತ್ತು. ಅದೇ ಗುಂಡಿಯನ್ನು ಅವಳೇ ಎರಡು ಸಲ ಹಾಕಿದ್ದಳು, ದಾರ ಸರಿಯಿಲ್ಲ ಅಂತ ದಾರದಂಗಡಿಯವನನ್ನು ಬೈದೂ ಇದ್ದಳು. ಈಗ ಕನ್ನಡಕ ಏರಿಸಿ ಬೆಳಕಿಗೆ ಹಿಡಿದಳು. ಗುಂಡಿಯ ಅಂಚಿನಲ್ಲಿ ಸಣ್ಣ ಸಣ್ಣ ಹಲ್ಲಿನ ಗುರುತು. ಪಟ್ಟಿಯ ತುದಿ ಅಗಿದು ಅಗಿದು ಎಳೆ ಬಿಟ್ಟಿತ್ತು.

"ನಿನ್ನ ಗಂಡ ಹೀಗೇ ಮಾಡ್ತಿದ್ದ," ಅಂದಳು ಸೊಸೆಗೆ. "ಚಿಕ್ಕವನಿದ್ದಾಗ, ಅವರಪ್ಪ ತೀರಿಹೋದ ವರ್ಷ. ಕತ್ತಲಾದ್ರೆ ತೋಳಿನ ಗುಂಡಿ ಬಾಯಲ್ಲಿ. ಎಷ್ಟು ಹೊಲಿದ್ರೂ ನಿಲ್ತಿರಲಿಲ್ಲ." ಗೌನನ್ನು ತೊಡೆಯ ಮೇಲೆ ಮೆಲ್ಲಗೆ ಮಡಚಿಟ್ಟಳು. "ಫೋನು ಎಲ್ಲಿದೆ?"

ಆರೋಗ್ಯ ಕೇಂದ್ರದ ಗೋಡೆಯ ಮೇಲೆ ಬರೆದಿದ್ದ ಸಹಾಯವಾಣಿ ಸಂಖ್ಯೆ ಛತ್ರಿಯಕ್ಕನಿಗೆ ಬಾಯಿಪಾಠ. ಹೊಲಿಗೆಯಕ್ಕ ಫೋನ್ ಮಾಡಿದಳು. ಆ ಕಡೆಯಿಂದ ಶಾಂತವಾದ ಹೆಂಗಸಿನ ದನಿ. ಯಾವ ಬೀದಿ, ಯಾವ ಮನೆ, ಏನು ಕಂಡಿರಿ, ಯಾವಾಗ ಸಾಗಿಸುತ್ತಾರೆ ಅಂತ ಕೇಳಿತು. ಅವಳು ಗೆರೆಗಳ ಬಗ್ಗೆ, ಗುಂಡಿಯ ಬಗ್ಗೆ, ನಾಳೆಯ ಪ್ರಯಾಣದ ಬಗ್ಗೆ ಹೇಳಿದಳು. "ಬಟ್ಟೆಯನ್ನ ಹಾಗೇ ಇಟ್ಟಿರಿ. ನೀವು ಎಂದಿನ ಹಾಗೇ ಇರಿ. ಸಂಜೆಯೊಳಗೆ ಬರ್ತೀವಿ," ಅಂದಿತು ದನಿ. ಛತ್ರಿಯಕ್ಕ ವಕೀಲರನ್ನು ಕರೆತರಲು ಹೊರಟಳು.

ಅವರಿಗಿಂತ ಮೊದಲೇ ಮಹಡಿಯಮ್ಮ ಬಂದಳು.

"ಆಯ್ತಾ?"

"ಮಡಿಕೆ ಬಿಚ್ಚಿದೆ, ಹೊಲಿಯಬೇಕು," ಅಂದಳು ಹೊಲಿಗೆಯಕ್ಕ.

"ಹಾಗೇ ಕೊಡು. ಬೇರೆ ಕಡೆ ಹೊಲಿಸ್ತೀನಿ."

ಚಾಚಿದ ಕೈಗೆ ಗೌನು ಸಿಗಲಿಲ್ಲ. ಅದು ಅತ್ತೆಯ ತೊಡೆಯ ಮೇಲಿತ್ತು. "ಗುಂಡಿ ಬೀಳೋ ಹಾಗಿದೆ, ಕೂತ್ಕೋ, ಹಾಕಿ ಕೊಡ್ತೀನಿ. ನನ್ನ ಅಂಗಡಿಯಿಂದ ಅರೆಬರೆ ಬಟ್ಟೆ ಯಾವತ್ತಾದ್ರೂ ಆಚೆ ಹೋಗಿದೆಯಾ?" ಅಂದು ಸೂಜಿ ಎತ್ತಿಕೊಂಡಳು.

ಈ ವಯಸ್ಸಲ್ಲೂ ಒಂದೇ ಏಟಿಗೆ ದಾರ ಪೋಣಿಸುತ್ತೇನೆ ಅಂತ ಜಂಬ ಕೊಚ್ಚುತ್ತಿದ್ದವಳು ಅತ್ತೆ. ಆ ಸಂಜೆ ದಾರ ಸೂಜಿಯ ಕಣ್ಣಿಗೆ ಹೋಗಲೇ ಇಲ್ಲ. ಎಂಜಲು ಹಚ್ಚಿದಳು, ಹೊಸೆದಳು, ತಪ್ಪಿಸಿದಳು. ಕನ್ನಡಕ ಒರೆಸಿದಳು. ಮತ್ತೆ ತಪ್ಪಿಸಿದಳು.

"ನಿನ್ನ ಸೊಸೆಗಾದ್ರೂ ಕೊಡೇ ಮುದುಕಿ."

"ಅವಳು ಪೋಣಿಸಿದ್ರೆ ನನ್ನ ಮರ್ಯಾದೆ ಏನಾಗಬೇಕು?"

ಹೊಲಿಗೆಯಕ್ಕ ಮಿಷಿನ್ ಮುಂದೆ ಕೂತು, ಹಿಂದಿನ ಬಾಗಿಲಿಗೆ ಬೆನ್ನು ಮಾಡಿ, ಯಾರದೋ ದಿಂಬಿನ ಚೀಲ ಹೊಲಿಯುತ್ತಿದ್ದಳು. ಪೆಡಲಿನ ಸದ್ದು ನಿಲ್ಲಬಾರದು ಅನ್ನುವುದೊಂದೇ ಅವಳ ತಲೆಯಲ್ಲಿದ್ದದ್ದು. ಕೊನೆಗೆ ಬೀದಿ ಬಾಯಲ್ಲಿ ಕಾರಿನ ಬಾಗಿಲುಗಳು ಮುಚ್ಚಿದ ಸದ್ದು ಕೇಳಿತು. ಇಬ್ಬರು ಮಹಿಳಾ ಪೊಲೀಸರು, ಸಾದಾ ಬಟ್ಟೆಯ ಅಧಿಕಾರಿಯೊಬ್ಬಳು. ವಕೀಲರ ಪಕ್ಕದಲ್ಲಿ ಛತ್ರಿಯಕ್ಕ, ಬಿಸಿಲಿಲ್ಲದಿದ್ದರೂ ಛತ್ರಿ ಬಿಚ್ಚಿ ನಿಂತಿದ್ದಳು. ಅವರು ಬೇರೆ ಯಾವ ಬಾಗಿಲನ್ನೂ ತಟ್ಟದೆ ನೇರ ಮಹಡಿಯ ಮೆಟ್ಟಿಲು ಹತ್ತಿದರು.

ಮಹಡಿಯಮ್ಮ ಎದ್ದು ಹೊರಗೆ ಓಡುವ ಹೊತ್ತಿಗೆ ಅವಳ ಮನೆ ಬಾಗಿಲಲ್ಲಿ ಪೊಲೀಸರಿದ್ದರು. ಅತ್ತೆ ದಾರವನ್ನು ಸೂಜಿಗೆ ಒಂದೇ ಏಟಿಗೆ ಪೋಣಿಸಿ, ಸೂಜಿಯನ್ನು ದಾರದ ಉಂಡೆಗೆ ಚುಚ್ಚಿಟ್ಟಳು.

ಅಧಿಕಾರಿಯ ಪಕ್ಕದಲ್ಲಿ ಇಳಿದು ಬಂದ ಹುಡುಗಿಯ ಮೈಮೇಲೊಂದು ಹೊದಿಕೆ ಇತ್ತು. ಅದರ ಕೆಳಗೆ ಅಂಗಿಯ ತೋಳು ಮಣಿಕಟ್ಟಿನವರೆಗೂ ಬಂದಿರಲಿಲ್ಲ. ಅವಳಿಗೆ ಹದಿನಾಲ್ಕು ಅಂತ ಆಮೇಲೆ ಶಾಲೆಯ ದಾಖಲೆಯಿಂದ ತಿಳಿಯಿತು. ಮನೆಗೆಲಸ ಕೊಡಿಸುತ್ತೇನೆ ಅಂತ ಪರಿಚಯದವನೇ ಕರೆತಂದಿದ್ದ. ಅವಳ ಹೆಸರು, ಊರು, ಮುಖ ಯಾವುದನ್ನೂ ಹೊರಗೆ ಹೇಳುವ ಹಾಗಿಲ್ಲ. ಆದ್ದರಿಂದ ಇಲ್ಲೂ ಹೇಳಿಲ್ಲ.

ಎಲ್ಲವೂ ಒಂದೇ ದಿನಕ್ಕೆ ಸರಿಹೋಗಲಿಲ್ಲ. ಮೊಕದ್ದಮೆ ಇನ್ನೂ ನಡೆಯುತ್ತಿದೆ. ಬಿಚ್ಚಿದ ಮಡಿಕೆಯ ಹಸಿರು ಗೌನು ನ್ಯಾಯಾಲಯದ ವಶದಲ್ಲಿದೆ. ಕೆಲವು ವಾರ ಹಿಂದಿನ ಬಾಗಿಲಿಗೆ ಯಾರೂ ಬರಲಿಲ್ಲ, ಅತ್ತೆ ಖಾಲಿ ಬುಟ್ಟಿ ನೋಡಿ ಗೊಣಗಿದ್ದೂ ಉಂಟು. ಆಮೇಲೆ ಒಬ್ಬೊಬ್ಬರೇ ಬಂದರು. ಹೊಸ ಮುಖ ಕಂಡರೆ ಅತ್ತೆ ಈಗ ಮೊದಲು ಕೇಳುವುದು ಒಂದೇ: "ಹಾಕ್ಕೊಳ್ಳೋರು ಎಲ್ಲಿ? ಅವರೇ ಬರಲಿ, ಅಳತೆ ಕೊಡಲಿ."

ಓದುತ್ತಿರುವ ನೀವು ಬಟ್ಟೆ ಹೊಲಿಯುವವರಿರಬಹುದು. ಹಾಲು ಹಾಕುವವರು, ಕೋಣೆ ಗುಡಿಸುವವರು, ಬಾಡಿಗೆ ಗಾಡಿ ಓಡಿಸುವವರು, ಮನೆ ಬಾಡಿಗೆಗೆ ಕೊಡುವವರೂ ಇರಬಹುದು. ಮುಚ್ಚಿದ ಬಾಗಿಲಿನ ಹತ್ತಿರದವರೆಗೂ ಹೋಗುವವರು ನೀವೇ. ಬೀದಿಯ ಹೆಂಗಸರನ್ನು ಹೀಯಾಳಿಸಬೇಡಿ. ಮಗುವನ್ನು ಕಾಪಾಡುವಾಗ ನಿಮ್ಮ ಪಕ್ಕದಲ್ಲಿ ನಿಲ್ಲುವವರು ಅವರೇ ಆಗಿರಬಹುದು. ಆದರೆ ಹೊರಗೆ ಬರಲಾಗದ ಹುಡುಗಿ, ವಯಸ್ಸಿಗೆ ಹೊಂದದ ಮಾತು, ಅವಳ ಪರವಾಗಿ ಯಾವಾಗಲೂ ಬೇರೆಯವರೇ ಕೊಡುವ ಉತ್ತರ ಕಂಡರೆ ಸುಮ್ಮನಿರಬೇಡಿ. ನಿಮ್ಮ ಊರಿನ ಮಕ್ಕಳ ಸಹಾಯವಾಣಿ ಸಂಖ್ಯೆಯನ್ನು ಇವತ್ತೇ ತಿಳಿದು ಫೋನಿನಲ್ಲಿ ಇಟ್ಟುಕೊಳ್ಳಿ. ಅನುಮಾನ ಬಂದ ದಿನವೇ ಕರೆ ಮಾಡಿ, ಕಂಡಷ್ಟನ್ನೇ ಹೇಳಿ. ನಾಳೆ ನೋಡೋಣ ಅಂದರೆ, ನಾಳೆ ಬೆಳಿಗ್ಗೆ ಆ ಮಗು ಬೇರೆ ಊರಿನಲ್ಲಿರುತ್ತದೆ.