ಜಿಪ್ ಮೇಜಿನ ಕೆಳಗೆ

ಮೇಲ್ವಿಚಾರಕಿಗೆ ಹೊಲಿಗೆ ಬರುತ್ತಿರಲಿಲ್ಲ. ಚೀಲ ಹೊಲಿಯುವ ಆ ಕಾರ್ಖಾನೆಯಲ್ಲಿ ಅವಳು ಮೊದಲು ಗೋದಾಮಿನಲ್ಲಿದ್ದವಳು. ಸಂಜೆ ತರಗತಿಗೆ ಹೋಗಿ ಉತ್ಪಾದನಾ ನಿರ್ವಹಣೆಯ ಮೊದಲ ಪಾಠಗಳನ್ನು ಕಲಿತು ಹೊಲಿಗೆ ಸಾಲಿನ ಉಸ್ತುವಾರಿ ಗಿಟ್ಟಿಸಿಕೊಂಡಿದ್ದಳು. ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಸಾಲು ನೆಟ್ಟಗೆ ನಡೆದರೆ ಕುರ್ಚಿ ಉಳಿಯುತ್ತದೆ, ಇಲ್ಲವಾದರೆ ಮತ್ತೆ ಗೋದಾಮಿನ ಧೂಳು.

ಬಟ್ಟೆ ಕತ್ತರಿಸುವವರಿಂದ ಜಿಪ್ ಮೇಜಿಗೆ, ಅಲ್ಲಿಂದ ಹೆಗಲಿಗೆ ಹಾಕುವ ಪಟ್ಟಿ ಹೊಲಿಯುವವಳಿಗೆ, ಆಮೇಲೆ ತಪಾಸಣೆಗೆ. ಸಾಲೆಂದರೆ ಅಷ್ಟೇ. ಜಿಪ್ ಕೂರಿಸುತ್ತಿದ್ದವಳು ಮೇಲ್ವಿಚಾರಕಿಯ ಸ್ವಂತ ಅಕ್ಕ. ಇಬ್ಬರದೂ ಒಂದೇ ಮನೆ, ಒಂದೇ ಬಸ್ಸು. ಗೇಟು ದಾಟಿದ ಮೇಲೆ ಮಾತ್ರ ಅಕ್ಕ ಅವಳನ್ನು "ಮೇಡಂ" ಎನ್ನುತ್ತಿದ್ದಳು. ಅದರಲ್ಲಿ ಮರ್ಯಾದೆ ಎಷ್ಟು, ಕೊಂಕು ಎಷ್ಟು ಎಂಬುದು ತಂಗಿಗೆ ಬಗೆಹರಿದಿರಲಿಲ್ಲ.

ಎಡವಟ್ಟು ಇದ್ದದ್ದು ಜಿಪ್ ಮೇಜಿನಲ್ಲೇ. ಮಧ್ಯಾಹ್ನ ಎಣಿಸಿದರೆ ಒಳಗೆ ಹೋದ ತುಂಡುಗಳಿಗೂ ಆಚೆ ಬಂದವಕ್ಕೂ ತಾಳೆಯಾಗುತ್ತಿರಲಿಲ್ಲ. ಸಂಜೆಗೆ ಕೊರತೆ ಕರಗುತ್ತಿತ್ತು, ಪೂರ್ತಿ ಹೋಗುತ್ತಿರಲಿಲ್ಲ. ಕಳ್ಳತನವೆಂದರೆ ಹೀಗೇ ಅಲ್ಲವೇ, ದಿನಕ್ಕಿಷ್ಟಿಷ್ಟು, ಕಣ್ಣಿಗೆ ಬೀಳದ ಹಾಗೆ?

ಈ ಅನುಮಾನಕ್ಕೆ ಒಗ್ಗರಣೆ ಹಾಕಿದವಳು ಪಟ್ಟಿ ಹೊಲಿಯುವವಳು. ಅವಳ ಬಾಯಿಗೆ ಬಿಡುವಿಲ್ಲದ್ದರಿಂದ ಎಲ್ಲರೂ ಅವಳನ್ನು ರೇಡಿಯೋ ಎನ್ನುತ್ತಿದ್ದರು.

"ಬಸ್ ನಿಲ್ದಾಣದ ಹತ್ರ ತಳ್ಳುಗಾಡಿಯವನು ನಮ್ಮಂಥದ್ದೇ ಚೀಲ ಮಾರ್ತಿದ್ದಾನೆ ಮೇಡಂ. ಕಂಪನಿ ಚೀಟಿ ಮಾತ್ರ ಇಲ್ಲ. ನಾನು ಯಾರ ಹೆಸರೂ ಹೇಳಲ್ಲಪ್ಪ, ನನಗ್ಯಾಕೆ ಊರ ಉಸಾಬರಿ?"

"ಹೇಳಲ್ಲ ಅಂತ ಹೇಳೋಕೆ ಇಷ್ಟು ದೂರ ಬಂದ್ಯಾ?"

"ಜಿಪ್ ಮೇಜಿನ ಕೆಳಗೆ ಒಂದ್ಸಲ ಬಗ್ಗಿ ನೋಡಿ. ಒಂದು ಮೂಟೆ ಇದೆ. ಅಷ್ಟೇ."

ಅಂದು ಮನೆಯಲ್ಲಿ ಊಟಕ್ಕೆ ಕೂತಾಗ ತಂಗಿಯ ಕಣ್ಣೆಲ್ಲ ಅಕ್ಕನ ಮೇಲೆಯೇ. ಅಕ್ಕ ಎಡಗೈಯಲ್ಲಿ ಚಮಚ ಹಿಡಿದಿದ್ದಳು. ಬಲಗೈ ಮೇಜಿನ ಕೆಳಗಿತ್ತು. ಇಲ್ಲೂ ಏನನ್ನೋ ಬಚ್ಚಿಟ್ಟಿದ್ದಾಳೆ ಎಂದುಕೊಂಡಳು ತಂಗಿ.

"ಏನೇ ಹಾಗೆ ದಿಟ್ಟಿಸ್ತೀಯಾ? ನಾನೆಷ್ಟು ತುತ್ತು ತಿಂದೆ ಅಂತ ಇಲ್ಲೂ ಎಣಿಸ್ತೀಯಾ?"

"ಆ ಮೂಟೇಲಿ ಏನಿದೆ ಅಕ್ಕ?"

ಅಕ್ಕನ ಚಮಚ ತಟ್ಟೆಯ ಮೇಲೇ ನಿಂತಿತು. "ಯಾರು ಕೇಳ್ತಿರೋದು? ತಂಗೀನೋ, ಮೇಡಮ್ಮೋ?"

"ಇಬ್ಬರೂ ಅಂದ್ಕೋ."

"ಹಾಗಾದ್ರೆ ಹಳೇ ಬಟ್ಟೆ," ಎಂದು ಅಕ್ಕ ತಟ್ಟೆ ಎತ್ತಿಕೊಂಡು ಎದ್ದುಹೋದಳು.

ಮರುದಿನ ಮಧ್ಯಾಹ್ನ ತಂಗಿ ಕಂಬದ ಮರೆಯಲ್ಲಿ ನಿಂತು ನೋಡಿದಳು. ಅಕ್ಕನ ಯಂತ್ರ ಗಡಗಡ ಓಡುತ್ತಿತ್ತು. ಸೂಜಿಯ ಕೆಳಗೆ ಬಟ್ಟೆಯಿರಲಿಲ್ಲ. ಸೂಜಿಯಲ್ಲಿ ದಾರವೂ ಇರಲಿಲ್ಲ. ಬರೀ ಸದ್ದು. ಅಕ್ಕನ ಎಡಗೈ ಆಗಾಗ ಮೇಜಿನ ಕೆಳಗೆ ಹೋಗಿ ಬರುತ್ತಿತ್ತು.

ಸಾಲಿನ ನಡುವೆ ಸರಕು ಕೂಡಿಬಿದ್ದರೆ ಅದರಡಿ ಯಾವುದೋ ತಪ್ಪು ಅಡಗಿರುತ್ತದೆ, ಸರಕು ತೆಗೆದರೆ ತಪ್ಪು ತಾನಾಗಿ ಕಾಣುತ್ತದೆ ಎಂದು ತರಗತಿಯಲ್ಲಿ ಹೇಳಿಕೊಟ್ಟಿದ್ದರು. ತಂಗಿ ಅಕ್ಕನನ್ನು ಕೇಳಲಿಲ್ಲ. ನೇರ ಹೋಗಿ ಮ್ಯಾನೇಜರನ್ನು ಕರೆತಂದಳು.

ಮೂಟೆಯನ್ನು ಎಲ್ಲರೆದುರು ಸುರಿದರು. ಜಿಪ್ ಕೂರಿಸಿದ ತುಂಡುಗಳು. ಹೊಲಿಗೆ ಅಚ್ಚುಕಟ್ಟಾಗಿತ್ತು. ಕೊರತೆಯ ಲೆಕ್ಕಕ್ಕೆ ಒಂದೂ ಹೆಚ್ಚಿಲ್ಲ, ಒಂದೂ ಕಡಿಮೆಯಿಲ್ಲ.

"ಕದ್ದಿಲ್ಲ ಕಣೇ," ಎಂದಳು ಅಕ್ಕ. ಮೇಡಂ ಎನ್ನಲು ಮರೆತಿದ್ದಳು. "ಮಧ್ಯಾಹ್ನದ ಮೇಲೆ ಬಲಗೈ ಬೆರಳು ಜೋಮು ಹಿಡಿಯುತ್ತೆ. ಬೆಳಿಗ್ಗೆ ಜಾಸ್ತಿ ಹೊಲಿದು ಇಟ್ಕೋತೀನಿ, ಆಮೇಲೆ ಅದನ್ನೇ ಒಂದೊಂದಾಗಿ ಮುಂದಕ್ಕೆ ತಳ್ತೀನಿ. ಒಂದಷ್ಟು ನಾಳೆಗೂ ಇರ್ಲಿ ಅಂತ ಉಳಿಸ್ತೀನಿ."

"ಮನೇಲಾದ್ರೂ ಹೇಳಬಹುದಿತ್ತಲ್ಲ!"

"ಹೇಳಿದ್ರೆ ನೀನು ಮ್ಯಾನೇಜರ ಕಿವಿಗೆ ಹಾಕ್ತಿರಲಿಲ್ವಾ?"

ತಂಗಿ ಇಲ್ಲ ಎನ್ನಬೇಕಿತ್ತು. ಮ್ಯಾನೇಜರ್ ಪಕ್ಕದಲ್ಲೇ ನಿಂತಿದ್ದ.

"ನಾಳೆಯಿಂದ ಮೂಟೆಗೀಟೆ ಏನೂ ಬೇಡ," ಎಂದ ಮ್ಯಾನೇಜರ್. "ಹೊಲಿದದ್ದು ಹೊಲಿದ ಹಾಗೇ ಮುಂದಕ್ಕೆ ಹೋಗಲಿ. ಕೈ ನಡೆಯುತ್ತೋ ಇಲ್ವೋ ನೋಡೇಬಿಡೋಣ."

ಮರುದಿನ ಊಟದ ಬಿಡುವು ಕಳೆದು ಸ್ವಲ್ಪ ಹೊತ್ತಿಗೆ ಅಕ್ಕನ ಕೈಯಿಂದ ಜಿಪ್ ಜಾರಿತು. ಎತ್ತಿಕೊಂಡಳು, ಮತ್ತೆ ಜಾರಿತು. ತುಂಡುಗಳು ಬಾರದೆ ರೇಡಿಯೋ ಮುಂದೆ ಪಟ್ಟಿಗಳಷ್ಟೇ ಉಳಿದವು. ಅಂದು ಅವಳ ಬಾಯಿಯೂ ಬಂದ್ ಆಗಿತ್ತು. ತಪಾಸಣೆಯವರು ಕೈಕಟ್ಟಿ ಕೂತರು. ಲಾರಿ ಅರವತ್ತು ಚೀಲ ಕಡಿಮೆಯಾಗಿ, ಅರೆಬರೆ ತುಂಬಿಕೊಂಡು ಹೊರಟಿತು.

ಸಂಜೆ ಮ್ಯಾನೇಜರ್ ಅಕ್ಕನಿಗೆ ನಾಳೆಯಿಂದ ಬರಬೇಡವೆಂದ. ತಂಗಿಗೆ, ಕೆಲಸ ಕಾಯಂ ಎಂದ. ತಪ್ಪು ಹುಡುಕುವುದರಲ್ಲಿ ಅವಳು ಗಟ್ಟಿಗಿತ್ತಿಯಂತೆ.

ಅಕ್ಕ ಮುಂಚಿನ ಬಸ್ಸಿಗೇ ಹೋಗಿಬಿಟ್ಟಿದ್ದಳು. ತಂಗಿ ನಿಲ್ದಾಣದಲ್ಲಿ ತಳ್ಳುಗಾಡಿಯ ಮುಂದೆ ನಿಂತು ಒಂದು ಚೀಲವನ್ನು ತಿರುವಿ ನೋಡಿದಳು. ಬಣ್ಣವೊಂದು ಬಿಟ್ಟರೆ ಬಟ್ಟೆ, ಜಿಪ್, ಹೊಲಿಗೆ ಯಾವುದೂ ಅವರ ಕಾರ್ಖಾನೆಯದಾಗಿರಲಿಲ್ಲ.

ಹೋದದ್ದು ಇಷ್ಟು: ಸಾಲಿನಿಂದ ಅರವತ್ತು ಚೀಲ, ಜಿಪ್ ಮೇಜಿನಿಂದ ಅಕ್ಕ, ಮನೆಯಿಂದ ಒಂದು ಸಂಬಳ. ಕಳುವಾದದ್ದು ಒಂದೂ ಇರಲಿಲ್ಲ.