ನೋಡದೆ ಹಾಕಿದ ಗುರುತು

ಕಾಲೇಜಿನಲ್ಲಿ ನನಗೊಂದು ಅಡ್ಡಹೆಸರಿತ್ತು, ಸೈರನ್ ಮೇಷ್ಟ್ರು. ರಸಾಯನಶಾಸ್ತ್ರಕ್ಕಿಂತ ಹೆಚ್ಚಾಗಿ ಬೆಂಕಿ ಬಿದ್ದರೆ ಏನು ಮಾಡಬೇಕೆಂದೇ ನಾನು ಕೊರೆಯುತ್ತೇನಂತೆ. ಮಕ್ಕಳು ಹಾಗೆಂದು ನಕ್ಕರೆ ನನಗೆ ಒಳಗೊಳಗೇ ಖುಷಿ. ತುರ್ತು ಯೋಜನೆಯ ಹೊಣೆಯನ್ನು ಬೇರೆ ಯಾರೂ ಒಪ್ಪದ್ದರಿಂದ ಪ್ರಾಂಶುಪಾಲರು ನನ್ನ ತಲೆಗೆ ಕಟ್ಟಿದ್ದರು. ನಾನು ಅದನ್ನೇ ಕಿರೀಟ ಅಂದುಕೊಂಡು ತಿರುಗುತ್ತಿದ್ದೆ.

ಯೋಜನೆಯ ಪುಸ್ತಕ ಬರೆದವನು ನಾನೇ. ಬಾಗಿಲ ಗುರುತಿನ ನಿಯಮವೂ ನನ್ನದೇ. ಗಂಟೆ ಹೊಡೆದ ಕೂಡಲೇ ಆಯಾ ಮಹಡಿಯ ಹೊಣೆ ಹೊತ್ತವರು ಒಂದೊಂದೇ ಕೋಣೆಯ ಬಾಗಿಲು ತೆರೆದು, ಒಳಗೆ ಹೋಗಿ ಕೂಗಿ, ಯಾರೂ ಇಲ್ಲವೆಂದು ಖಚಿತವಾದ ಮೇಲೆ ಬಾಗಿಲು ಮುಚ್ಚಿ ಸೀಮೆಸುಣ್ಣದಲ್ಲಿ ಅಡ್ಡಗೆರೆಯ ಗುರುತು ಹಾಕಬೇಕು. ಗುರುತು ಬಿದ್ದ ಬಾಗಿಲನ್ನು ಅಗ್ನಿಶಾಮಕ ದಳದವರು ಮತ್ತೆ ತೆರೆದು ಹೊತ್ತು ಕಳೆಯುವುದಿಲ್ಲ.

ಮೊದಲ ಡ್ರಿಲ್‌ನಲ್ಲಿ ನಮ್ಮ ಎರಡನೆಯ ಮಹಡಿ ಖಾಲಿಯಾಗಲು ಒಂಬತ್ತು ನಿಮಿಷ ಹಿಡಿಯಿತು. ಕೆಳಗಿನ ಮಹಡಿಯ ಭೌತಶಾಸ್ತ್ರದವರು ಏಳರಲ್ಲಿ ಮುಗಿಸಿ ನನ್ನ ಕಡೆ ನೋಡಿ ಮೀಸೆ ತಿರುವಿದರು. ಆಮೇಲಿನ ಡ್ರಿಲ್‌ಗಳಲ್ಲಿ ನಾನು ಬಾಗಿಲು ತೆರೆಯುವುದನ್ನೇ ಬಿಟ್ಟೆ. ಯಾವಾಗ ಡ್ರಿಲ್ ಎಂದು ಎಲ್ಲರಿಗೂ ಮೊದಲೇ ಗೊತ್ತು, ಒಳಗೆ ಯಾರಿರುತ್ತಾರೆ? ಓಡುತ್ತಾ ಓಡುತ್ತಾ ಎಂಟು ಬಾಗಿಲಿಗೂ ಗೀಚಿ ಇಳಿದುಬಿಡುತ್ತಿದ್ದೆ. ನಾಲ್ಕೇ ನಿಮಿಷ. ಪ್ರಾಂಶುಪಾಲರು ಸಭೆಯಲ್ಲಿ ಬೆನ್ನು ತಟ್ಟಿದರು. ಮೂರು ವರ್ಷ ಹೀಗೆಯೇ ನಡೆಯಿತು.

ನಿಜವಾದ ಬೆಂಕಿ ಒಂದು ಬುಧವಾರ ಬೆಳಗ್ಗೆ ಹನ್ನೊಂದಕ್ಕೆ ಬಂತು. ಪ್ರಯೋಗಾಲಯದಲ್ಲಿ ಸ್ಪಿರಿಟ್ ಬಾಟಲಿ ಉರುಳಿ ಮೇಜು ಹೊತ್ತಿಕೊಂಡಿತು. ಮಕ್ಕಳು ಸಾಲಾಗಿ ಇಳಿದರು; ನನ್ನ ಕೊರೆತ ಅಷ್ಟರ ಮಟ್ಟಿಗೆ ಕೆಲಸಕ್ಕೆ ಬಂದಿತ್ತು. ನಾನು ಸೀಮೆಸುಣ್ಣ ಹಿಡಿದು ಹೊರಟೆ. ಮೊದಲ ನಾಲ್ಕು ಕೋಣೆಗಳನ್ನು ತೆರೆದೇ ನೋಡಿದೆ, ಆಣೆ ಮಾಡಿ ಹೇಳಬಲ್ಲೆ. ಐದನೆಯದರ ಹೊತ್ತಿಗೆ ಕಪ್ಪು ಹೊಗೆ ಚಾವಣಿಯಿಂದ ತಲೆಯ ಮಟ್ಟಕ್ಕೆ ಇಳಿದಿತ್ತು. ಜೀವ ಬಾಯಿಗೆ ಬಂತು. ಮಿಕ್ಕ ಬಾಗಿಲುಗಳಿಗೆ ಕೈ ತನ್ನಷ್ಟಕ್ಕೆ ತಾನೇ ಗೀಚುತ್ತಾ ಹೋಯಿತು. ಎಂಟನೆಯದು ಹಿಂದಿನ ಮೆಟ್ಟಿಲ ಪಕ್ಕದಲ್ಲಿರುವ ಗಾಜಿನ ಸಾಮಾನಿನ ಕೋಣೆ. ಅದರ ಮೇಲೆ ಗೀಚುತ್ತಿದ್ದಾಗ ಒಳಗಿನಿಂದ ಹೆಂಗಸಿನ ದನಿ ಕೇಳಿಸಿತು.

"ಯಾರು? ನಾನಿಲ್ಲಿದೀನಿ."

ನಾನು ಕಾಲಿಗೆ ಬುದ್ಧಿ ಹೇಳಿದೆ.

ಅದು ಅಕ್ಕನ ದನಿ. ಅಕ್ಕ ನಮ್ಮ ಪ್ರಯೋಗಾಲಯದ ಅಟೆಂಡರ್. ಅವರಿಗಿಂತ ಹತ್ತು ವರ್ಷ ದೊಡ್ಡವರಾದ ಪ್ರಾಂಶುಪಾಲರಿಗೂ ಅವರು ಅಕ್ಕನೇ. ನಲ್ಲಿ ಬಿಟ್ಟುಕೊಂಡು, ಫ್ಯಾನ್ ಹಾಕಿಕೊಂಡು ಫ್ಲಾಸ್ಕು ತೊಳೆಯುತ್ತಿದ್ದವರಿಗೆ ಗಂಟೆ ಕೇಳಿಸಿರಲಿಲ್ಲ. ಬಾಗಿಲು ತೆರೆದು ನೋಡಿದಾಗ ಕಾರಿಡಾರಿನ ತುಂಬ ಹೊಗೆ. ಆಗ ಅವರು ನಾನು ಕಲಿಸಿದ್ದನ್ನೇ ಚಾಚೂ ತಪ್ಪದೆ ಮಾಡಿದರು: ಹೊಗೆಯಿದ್ದರೆ ಹೊರಗೆ ಬರಬೇಡಿ, ಬಾಗಿಲು ಮುಚ್ಚಿ, ಸಂದಿಗೆ ಒದ್ದೆ ಬಟ್ಟೆ ತುರುಕಿ, ಕಾಯಿರಿ, ಯಾರಾದರೂ ಬಂದೇ ಬರುತ್ತಾರೆ.

ಕೆಳಗೆ ಮೈದಾನದಲ್ಲಿ ಮಕ್ಕಳು ನನ್ನನ್ನು ನೋಡಿ ಚಪ್ಪಾಳೆ ತಟ್ಟಿದರು. ಆಗಷ್ಟೇ ಬಂದಿಳಿದ ಅಗ್ನಿಶಾಮಕ ಅಧಿಕಾರಿ, "ಎಲ್ಲಾ ಕೋಣೆ ನೋಡಿದೀರಾ?" ಎಂದು ಕೇಳಿದರು.

"ನೋಡಿದೀನಿ, ಗುರುತೂ ಹಾಕಿದೀನಿ" ಅಂದೆ.

ಆ ಚಪ್ಪಾಳೆಯ ನಡುವೆ ನಿಂತು ಇಲ್ಲ ಎನ್ನಲು ನನಗೆ ಬಾಯಿ ಬರಲಿಲ್ಲ. ಕೇಳಿಸಿದ್ದು ಫ್ಯಾನಿನ ಸದ್ದು ಎಂದು ನನಗೆ ನಾನೇ ಹೇಳಿಕೊಂಡೆ. ಮಕ್ಕಳ ಲೆಕ್ಕ ಸರಿಯಾಗಿತ್ತು; ಅಟೆಂಡರ್‌ಗಳನ್ನು ಎಣಿಸಬೇಕೆಂದು ನನ್ನ ಪುಸ್ತಕದಲ್ಲಿ ಬರೆದೇ ಇರಲಿಲ್ಲ. ಇಪ್ಪತ್ತೈದು ನಿಮಿಷದ ಮೇಲೆ, ಹಿಂದಿನ ಮೆಟ್ಟಿಲಲ್ಲಿ ಪೈಪು ಸುತ್ತುತ್ತಿದ್ದ ದಳದವನೊಬ್ಬ ಕೆಮ್ಮು ಕೇಳಿ, ಗುರುತು ಬಿದ್ದಿದ್ದ ಆ ಬಾಗಿಲನ್ನು ತಳ್ಳಿದ. ಅಕ್ಕ ಸಿಂಕಿನ ಕೆಳಗೆ ಬಿದ್ದಿದ್ದರು. ಜೀವವಿತ್ತು.

ಅವತ್ತು ಸಂಜೆ ನನ್ನ ಹೆಂಡತಿ ಫೋನಿನಲ್ಲಿ ಅವಳಣ್ಣನಿಗೆ, "ಎಲ್ರನ್ನೂ ಇಳಿಸಿ ಕೊನೇಲಿ ಬಂದೋರು ಇವರೇ ಕಣಣ್ಣಾ. ಮನೇಲಿ ಜಿರಳೆ ಕಂಡ್ರೆ ಮಂಚ ಹತ್ತೋ ಮನುಷ್ಯ" ಎನ್ನುತ್ತಿದ್ದಳು. ಮದುವೆಯಾದ ಮೇಲೆ ಅವಳು ನನ್ನನ್ನು ಹೊಗಳಿದ್ದು ಅದೇ ಮೊದಲು. ನಾನು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಕೂತೆ. ಕನ್ನಡಿಯಲ್ಲಿ ನನ್ನ ಮುಖ ನೋಡಿಕೊಳ್ಳಲು ನನಗೇ ಹೇಸಿಗೆಯಾಯಿತು. ಅಕ್ಕ ಆಸ್ಪತ್ರೆಯಲ್ಲಿದ್ದದ್ದು ಆರು ದಿನ. ಎರಡು ಸಲ ಅದರ ಗೇಟಿನವರೆಗೆ ಹೋಗಿ ತಿರುಗಿ ಬಂದೆ.

ಹತ್ತು ದಿನಕ್ಕೆ ವಿಚಾರಣೆ. ಅದಕ್ಕೆ ಮುಂಚೆ ಪ್ರಾಂಶುಪಾಲರು ನನ್ನನ್ನು ಒಳಗೆ ಕರೆದು ಬಾಗಿಲು ಹಾಕಿಕೊಂಡರು.

"ಗುರುತು ಹಾಕಿದ್ಮೇಲೆ ಅವರು ವಾಪಸ್ ಹೋಗಿರ್ಬೇಕು ಮೇಷ್ಟ್ರೆ, ಬ್ಯಾಗೋ ಏನೋ ತರೋಕೆ. ಹಾಗಂತ ಬರೆದು ಮುಗಿಸೋಣ. ಕಾಲೇಜಿನ ಹೆಸರೂ ಉಳಿಯುತ್ತೆ, ನಿಮ್ಮದೂ ಉಳಿಯುತ್ತೆ."

"ಅಕ್ಕಂದು?"

"ನಿಯಮ ಮುರಿದೋರನ್ನ ಹೇಗೆ ಇಟ್ಕೊಳೋದು ಹೇಳಿ. ಬೇರೆ ಕಡೆ ಕೆಲಸ ಸಿಗುತ್ತೆ ಬಿಡಿ."

ತಿಪ್ಪೆ ಸಾರಿಸುವ ಕೆಲಸ ಅದು. ನಾನು ತಲೆಯಾಡಿಸಿದೆ.

ಅರ್ಧ ಗಂಟೆಯ ನಂತರ ಅದೇ ಕೋಣೆಯಲ್ಲಿ ನಾಲ್ವರು ಕೂತೆವು: ಪ್ರಾಂಶುಪಾಲರು, ಅಗ್ನಿಶಾಮಕ ಅಧಿಕಾರಿ, ನಾನು, ನನ್ನ ಪಕ್ಕದ ಕುರ್ಚಿಯಲ್ಲಿ ಅಕ್ಕ. ಅವರು ಸೊರಗಿಹೋಗಿದ್ದರು.

"ಗಂಟೆ ಹೊಡೆದ ಮೇಲೆ ನೀವು ವಾಪಸ್ ಒಳಗೆ ಹೋದ್ರಿ, ಅಲ್ವಾ?" ಎಂದರು ಪ್ರಾಂಶುಪಾಲರು. ಅವರ ಬಾಯಲ್ಲಿ ಅವತ್ತು ಅಕ್ಕ ಎಂಬ ಮಾತು ಬರಲಿಲ್ಲ.

"ಇಲ್ಲ ಸರ್. ನಾನು ಹೊರಗೇ ಬರ್ಲಿಲ್ಲ." ದನಿ ಇನ್ನೂ ಗೊಗ್ಗರಾಗಿತ್ತು.

"ಹಾಗಾದ್ರೆ ಬಾಗಿಲ ಮೇಲೆ ಗುರುತು ಹೇಗೆ ಬಂತು?"

"ಅದು ನಂಗೊತ್ತಿಲ್ಲ. ಮೇಷ್ಟ್ರು ಇದಾರಲ್ಲ, ಕೇಳಿ. ಅವರು ಇದ್ದದ್ದು ಇದ್ದ ಹಾಗೆ ಹೇಳ್ತಾರೆ." ಹಾಗೆಂದು ನನ್ನ ಕಡೆ ನೋಡಿ ನಕ್ಕರು. ಅದರ ಬದಲು ಕಪಾಳಕ್ಕೆ ಎರಡು ಬಾರಿಸಿದ್ದರೆ ಎಷ್ಟೋ ವಾಸಿಯಿತ್ತು.

"ಅವರು ವಾಪಸ್ ಹೋಗಿಲ್ಲ" ಅಂದೆ. "ನಾನೇ ಬಾಗಿಲು ತೆರೀದೆ ಗುರುತು ಹಾಕ್ದೆ."

ಪ್ರಾಂಶುಪಾಲರು ಕಣ್ಣು ಮುಚ್ಚಿಕೊಂಡರು. ನನ್ನ ನೆರವಿಗೆ ಬಂದವರು ಅಕ್ಕ.

"ಆ ಹೊಗೇಲಿ ಯಾರಿಗಾದ್ರೂ ಹಾಗೇ ಆಗೋದು ಸರ್. ಅವರೂ ಹೆಂಡ್ತಿ ಮಕ್ಕಳಿರೋರು. ನಾನು ಕೂಗಿದ್ದು ನಿಜ, ಆದ್ರೆ ಆ ಗಂಟೆ ಗಲಾಟೇಲಿ ಅವರಿಗೆ ಕೇಳಿಸಿರಲ್ಲ ಪಾಪ."

"ಹೌದೌದು, ಕೇಳಿಸಿರಲ್ಲ" ಎಂದು ಪ್ರಾಂಶುಪಾಲರು ಆ ಮಾತನ್ನು ಹಿಡಿದುಕೊಂಡರು. "ಹಾಗೇ ಬರ್ಕೊಳ್ಳಿ."

ಅಧಿಕಾರಿ ಬರೆಯಲು ಬಗ್ಗಿದರು. ಅಕ್ಕನ ಕೆಲಸ ಉಳಿದಿತ್ತು. ನನ್ನ ಮಾನವೂ ಮುಕ್ಕಾಲು ಪಾಲು ಉಳಿದಿತ್ತು. ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು. ಆದರೆ ಅಕ್ಕ ಅಂದ ಆ ಪಾಪ ಎಂಬ ಮಾತನ್ನು ನುಂಗಿಕೊಳ್ಳಲು ನನ್ನಿಂದ ಆಗಲಿಲ್ಲ.

"ಕೇಳಿಸ್ತು ಅಕ್ಕ" ಅಂದೆ. "ಯಾರು, ನಾನಿಲ್ಲಿದೀನಿ ಅಂದ್ರಿ. ಕೇಳಿಸ್ಕೊಂಡೇ ಓಡಿದೆ. ಕೆಳಗೆ ಬಂದ್ಮೇಲೂ ಯಾರಿಗೂ ಹೇಳ್ಲಿಲ್ಲ."

ಅಕ್ಕ ನನ್ನ ಮುಖವನ್ನೇ ನೋಡಿದರು. ಮೊದಲಿನ ನಗು ಅವರ ತುಟಿಯ ಮೇಲೆ ಸ್ವಲ್ಪ ಉಳಿದುಕೊಂಡೇ ಇತ್ತು, ಆಮೇಲೆ ಅದೂ ಹೋಯಿತು. ಅವರು ಅಧಿಕಾರಿಯ ಕಡೆ ತಿರುಗಿದರು.

"ಹಾಗಾದ್ರೆ ಅದನ್ನೇ ಬರ್ಕೊಳ್ಳಿ ಸರ್" ಅಂದರು.