ಕುಲುಕದೆ ಬಿಟ್ಟ ಕೈ

"ಅಂಪೊನ್ಸಾ ನಮ್ಮ ರಕ್ತ ಕಣಮ್ಮ. ನೀನು ಹೆಂಡ್ತಿ, ಅಂದ್ರೆ ನೆಂಟಳು. ನೆಂಟರು ಉಂಡು ಸುಮ್ನಿರ್ಬೇಕು, ಮನೆ ನ್ಯಾಯ ಹೇಳ್ಬಾರ್ದು," ಎಂದರು ಬಾದು ಮಾವ, ಕೋರ್ಟಿನ ಜಗಲಿಯಲ್ಲಿ, ನಾಲ್ಕು ಜನ ಕೇಳುವ ಹಾಗೆ.

ಅವರು ನನ್ನ ಗಂಡ ಅಂಪೊನ್ಸಾ ಅವರ ಸೋದರಮಾವ. ನಮ್ಮ ಅಸಾಂತೆ ಜನರಲ್ಲಿ ಗಂಡಸು ಸಾಯುವ ತನಕ ತಾಯಿಯ ಕುಲದವನೇ. ಹದಿನಾರು ವರ್ಷ ಬಾಳಿದರೂ ನಾನು ಹೊರಗಿನವಳು. ಮಾವನ ವ್ಯಾನು ಗೇಟಿನ ಹತ್ತಿರ ಸಿದ್ಧವಾಗಿ ನಿಂತಿತ್ತು. ಗಂಡನನ್ನು ಆಸ್ಪತ್ರೆಗೆ ಸೇರಿಸಬೇಕೆಂಬ ನನ್ನ ಅರ್ಜಿಯನ್ನು ಕೋರ್ಟು ತಳ್ಳಿಹಾಕಿದರೆ ಮಾವ ಅವರನ್ನು ನೇರ ಪ್ರಾರ್ಥನೆಯ ಶಿಬಿರಕ್ಕೆ ಒಯ್ಯುತ್ತಾರೆ. ಅಲ್ಲಿ ದೆವ್ವ ಬಿಡಿಸುವುದೆಂದರೆ ಮರಕ್ಕೆ ಸರಪಳಿ ಹಾಕಿ ಉಪವಾಸ ಕೆಡವುವುದು. ಅಲ್ಲಿಂದ ಬಂದ ಪಕ್ಕದ ಮನೆಯವಳ ಕಾಲಿನ ಗಾಯ ನಾನೇ ತೊಳೆದಿದ್ದೇನೆ.

ಮೂರು ವಾರದಿಂದ ನನ್ನ ಗಂಡ ನನ್ನ ಕೈಯ ಅನ್ನ ಮುಟ್ಟಿರಲಿಲ್ಲ. ಮಾತ್ರೆ ಕೊಟ್ಟರೆ ಉಗುಳುತ್ತಿದ್ದರು. ಹಾಸಿಗೆಯಡಿ ಮಚ್ಚು ಇಟ್ಟುಕೊಂಡಿದ್ದರು. ಕೊನೆಗೆ ನರ್ಸ್ ಮೆನ್ಸಿಮಾ ದಾರಿ ತೋರಿಸಿದಳು: "ಬೇಡ ಅನ್ನೋರನ್ನ ಹೊತ್ಕೊಂಡು ಹೋಗೋ ಹಕ್ಕು ನಿಮಗೂ ಇಲ್ಲ ಅಕ್ಕ, ನನಗೂ ಇಲ್ಲ. ಡಾಕ್ಟರ ಪತ್ರ ಇಟ್ಟು ಕೋರ್ಟಿಗೆ ಅರ್ಜಿ ಹಾಕಿ. ಜಡ್ಜು ಹೂಂ ಅಂದ್ರೇನೇ ಆಸ್ಪತ್ರೆ."

ಒಳಗೆ ಕರೆದರು. ಗಂಡ ಇಸ್ತ್ರಿ ಮಾಡಿದ ಅಂಗಿಯಲ್ಲಿ ಬಂದರು, ಪಾಠಕ್ಕೆ ಹೊರಟ ಲೆಕ್ಕದ ಮೇಷ್ಟ್ರೇ ಸರಿ. ಜಡ್ಜಮ್ಮನಿಗೆ ಬಾಗಿದರು. ಆಮೇಲೆ ನಮ್ಮವರ ರೀತಿಯಂತೆ ಬಲಗಡೆಯಿಂದ ಶುರುಮಾಡಿ ಕೂತವರ ಕೈಯನ್ನೆಲ್ಲ ಒಬ್ಬೊಬ್ಬರದಾಗಿ ಕುಲುಕುತ್ತಾ ಬಂದರು. ಮಾವ, ಡಾಕ್ಟರು, ನರ್ಸು. ನನ್ನನ್ನು ದಾಟಿ ಮುಂದಿನವರಿಗೆ ಕೈ ಚಾಚಿದರು.

ಕೇಳಿದ್ದಕ್ಕೆಲ್ಲ ಥಟ್ಟನೆ ಉತ್ತರ. ಇವತ್ತು ಗುರುವಾರ. ಶಾಲೆಯಲ್ಲಿ ಇನ್ನೂರ ಹನ್ನೊಂದು ಮಕ್ಕಳು. ಮಚ್ಚು ಯಾಕೆ? "ಕಳ್ಳರ ಕಾಟ ಮೇಡಂ."

ಮಾವ ಎದ್ದರು. "ನೋಡಿದ್ರಲ್ಲ ತಾಯಿ? ಹುಚ್ಚನಿಗೆ ಬಲಗಡೆಯಿಂದ ಶುರು ಮಾಡ್ಬೇಕು ಅಂತ ಗೊತ್ತಿರುತ್ತಾ? ಹೆಂಡ್ತಿಗೆ ಕೈ ಕೊಡ್ಲಿಲ್ಲ, ಸರಿ. ಕೋರ್ಟಿಗೆ ಎಳೆದವಳಿಗೆ ಯಾವ ಗಂಡಸು ಕೈ ಕೊಡ್ತಾನೆ?"

ಹಿಂದೆ ಯಾರೋ ನಕ್ಕರು. ಜಡ್ಜಮ್ಮ ಕಾಗದ ಮುಚ್ಚಿ ಕನ್ನಡಕ ತೆಗೆದರು. ನಾನು ಎದ್ದು ನಿಂತೆ. ಕೈ ಕೊಡದ ಕಾರಣ ನನಗೆ ಗೊತ್ತಿತ್ತು, ಅರ್ಜಿಯಲ್ಲಿ ಬರೆಸಿರಲಿಲ್ಲ. ಯಾವ ಬಾಯಲ್ಲಿ ಬರೆಸಲಿ?

"ಅಮ್ಮಾವ್ರೇ, ಒಂದೇ ಒಂದು ಮಾತು. ಯಾಕೆ ಕೈ ಕೊಡ್ಲಿಲ್ಲ ಅಂತ ಅವರನ್ನೇ ಕೇಳಿ."

ಕೇಳಿದರು. ಗಂಡ ನನ್ನತ್ತ ತಿರುಗಲೂ ಇಲ್ಲ.

"ಇದಕ್ಕಾ ಮೇಡಂ? ನನ್ನ ಹೆಂಡ್ತಿ ಡುಫಿಯೆನ ಕೊಂದು ಅವಳ ಮುಖ ಹಾಕ್ಕೊಂಡು ಬಂದು ಕೂತಿದೆ. ಅಡುಗೆ ಕೂಡ ಅವಳ ಥರಾನೇ ಮಾಡುತ್ತೆ. ಮಾವ, ನಿಮಗೂ ಕಾಣಿಸ್ತಿಲ್ವಾ? ಒಂದಿನ ಆ ಮುಖ ಕಿತ್ತು ನೋಡೇ ನೋಡ್ತೀನಿ."

ಇಷ್ಟನ್ನೂ ಅವರು ಪಾಠ ಬಿಡಿಸಿ ಹೇಳುವಷ್ಟು ಮೆತ್ತಗೆ ಹೇಳಿದರು. ಮಾವ ಕುರ್ಚಿ ತಡಕಿ ಕೂತರು.

ಆದೇಶಕ್ಕೆ ಸಹಿ ಬಿತ್ತು. ನಾನು ಗೆದ್ದೆ. ಅಂಥ ಗೆಲುವು ನನ್ನ ಶತ್ರುವಿಗೂ ಬೇಡ.

ಹೊರಗೆ ಆಸ್ಪತ್ರೆಯ ಗಾಡಿಯ ಮೆಟ್ಟಿಲ ಮೇಲೆ ಗಂಡ ನಿಂತುಬಿಟ್ಟರು. "ಅದು ಹತ್ತಿದ್ರೆ ನಾನು ಹತ್ತಲ್ಲ."

ಮೆನ್ಸಿಮಾ ನನ್ನ ಮುಖ ನೋಡಿದಳು. ನಾನು ಹಿಂದೆ ಸರಿದೆ. ಬಾದು ಮಾವ ಪಂಚೆ ಎತ್ತಿಕಟ್ಟಿ ಹತ್ತಿ ಅವರ ಪಕ್ಕ ಕೂತರು. ಗಾಡಿ ಹೊರಡುವ ಮೊದಲು ಕಿಟಕಿಯಿಂದ ತಲೆ ಹೊರಹಾಕಿದರು. ದನಿ ಇಳಿದಿತ್ತು.

"ದಾರೀಲಿ ಅವನು ಏನಾದ್ರೂ ಕೇಳಿದ್ರೆ ಏನನ್ಲಮ್ಮ?"

"ಹೆಂಡ್ತಿ ಎಲ್ಲಿ ಅಂತ ಕೇಳ್ತಾರೆ ಮಾವ. ಬದುಕಿದ್ದಾಳೆ, ಮನೇಲಿ ಕಾಯ್ತಿದ್ದಾಳೆ ಅನ್ನಿ."